ಪಕ್ಕದ ಸೀಟಿನ ಬ್ರೇಕು

ಎಲೆಕ್ಟ್ರಿಕ್ ಕಾರನ್ನು ಈಗಲೇ ಲೀಸಿಗೆ ತೆಗೆದುಕೊಳ್ಳುವುದೋ, ಇನ್ನೊಂದು ವರ್ಷ ಕಾಯುವುದೋ ಎಂದು ನರ್ಸಮ್ಮ ಮೀನ ಮೇಷ ಎಣಿಸಲು ಶುರು ಮಾಡಿ ನಾಲ್ಕು ತಿಂಗಳಾಗಿತ್ತು. ಮನೆ ಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು, ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣು ತೊಳೆಯುವುದು ಆಕೆಯ ಕೆಲಸ. ದಿನಕ್ಕೆ ಹನ್ನೊಂದು ಮನೆ, ಒಂದು ಊರಿನ ಈ ತುದಿಗಿದ್ದರೆ ಇನ್ನೊಂದು ಆ ತುದಿಗೆ. ಇದ್ದ ಕಾರಿಗೆ ಹದಿನೆಂಟು ವರ್ಷ ತುಂಬಿತ್ತು, ತಿಂಗಳಿಗೆರಡು ಸಲ ನಡುದಾರಿಯಲ್ಲಿ ಕೈಕೊಡುತ್ತಿತ್ತು. ಲೀಸಿಗೆ ಎಲೆಕ್ಟ್ರಿಕ್ ಕಾರು ತೆಗೆದುಕೊಂಡವರಿಗೆ ಅರ್ಧ ಬಾಡಿಗೆ ನಾವು ಕೊಡುತ್ತೇವೆ ಎಂದು ಕಚೇರಿಯವರು ಸುತ್ತೋಲೆ ಹೊರಡಿಸಿದ್ದರು. ಕೊನೆಯ ದಿನ ಈ ತಿಂಗಳ ಮೂವತ್ತು.

ಕಾರಿನ ವಿಷಯ ಬಾಯಿಬಿಟ್ಟರೆ ಸಾಕು, ಊರಿನವರೆಲ್ಲ ಎಂಜಿನಿಯರುಗಳು. ಔಷಧಿ ಅಂಗಡಿಯವನು ಕಾಯಿರಿ ಎಂದ. ಬರುವ ವರ್ಷದ ಮಾಡೆಲ್ಲು ಒಂದೇ ಚಾರ್ಜಿಗೆ ಒಂದೂವರೆ ಪಟ್ಟು ದೂರ ಹೋಗುತ್ತದಂತೆ, ಈಗ ತೆಗೆದುಕೊಂಡವರು ಕೈ ಕೈ ಹಿಸುಕಿಕೊಳ್ಳುತ್ತಾರಂತೆ. ಜೊತೆಯ ನರ್ಸೊಬ್ಬಳು ಇದಕ್ಕೆ ಮೂಗು ಮುರಿದಳು. ಬರುವ ವರ್ಷವೂ ಅದರ ಮುಂದಿನ ವರ್ಷದ್ದು ಇನ್ನೂ ಚೆನ್ನಾಗಿರುತ್ತದೆ ಅನ್ನುತ್ತಾರೆ, ಹೀಗೆ ಕಾಯುತ್ತ ಕೂತರೆ ನಿವೃತ್ತಿಯ ದಿನ ನಡೆದುಕೊಂಡೇ ಮನೆಗೆ ಹೋಗಬೇಕಾಗುತ್ತದೆ ಎಂದಳು. ನರ್ಸಮ್ಮ ಇಬ್ಬರ ಮಾತಿಗೂ ತಲೆಯಾಡಿಸುತ್ತಿದ್ದಳು. ಬ್ಯಾಟರಿ, ಚಾರ್ಜು, ದೂರ ಎಂದು ತಾನೂ ಹತ್ತು ನೆಪ ಹೇಳುತ್ತಿದ್ದಳು. ಅವುಗಳಲ್ಲಿ ಒಂದೂ ನಿಜವಾದದ್ದಲ್ಲ.

ನಿಜವಾದದ್ದು ಹಳೆಯ ಕಾರಿನ ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿತ್ತು.

ಆಕೆಯ ಗಂಡ ಮೂವತ್ತೊಂದು ವರ್ಷ ಡ್ರೈವಿಂಗ್ ಕಲಿಸಿದವರು. ಹೆಸರು ಹಿಡಿದು ಕರೆದವರೇ ಇಲ್ಲ, ಊರಿಗೆಲ್ಲ ಅವರು ಬ್ರೇಕ್ ಮೇಷ್ಟ್ರು. ಕಲಿಸುವ ಕಾರಿನಲ್ಲಿ ಎರಡು ಬ್ರೇಕ್ ಪೆಡಲ್ಲು ಇರುತ್ತವಲ್ಲ, ಒಂದು ಓಡಿಸುವವರ ಕಾಲ ಬಳಿ, ಇನ್ನೊಂದು ಮೇಷ್ಟ್ರ ಕಾಲ ಬಳಿ. ಎರಡಕ್ಕೂ ನಡುವೆ ಒಂದು ಕಬ್ಬಿಣದ ಸರಳು, ಒಂದನ್ನು ಒತ್ತಿದರೆ ಎರಡೂ ಇಳಿಯುತ್ತವೆ. ಮೇಷ್ಟ್ರ ಪಾಠದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಅವರು ಬ್ರೇಕ್ ಒತ್ತಿದರು ಎಂದರೆ ನೀವೇನೋ ತಪ್ಪು ಮಾಡಿದ್ದೀರಿ ಎಂದರ್ಥ. ಆಗ ಯಾಕೆ ಎಂದು ಕೇಳುವಂತಿಲ್ಲ, ಅವರ ಕಡೆ ತಿರುಗುವಂತಿಲ್ಲ. ಕಣ್ಣು ರಸ್ತೆಯ ಮೇಲಿಟ್ಟು, ತುಟಿ ಪಿಟಕ್ಕೆನ್ನದೆ, ನನ್ನ ತಪ್ಪು ಯಾವುದು ಎಂದು ನೀವೇ ಹುಡುಕಬೇಕು. ಅವರೇ ಬಾಯಿಬಿಡುವವರೆಗೂ ಕಾಯಬೇಕು. ಕೆಲವರಿಗೆ ಅರ್ಧ ನಿಮಿಷ, ಮೊಂಡರಿಗೆ ಐದು ನಿಮಿಷ. ಊರಿನ ಅರ್ಧದಷ್ಟು ಜನ ಹೀಗೆ ಕಾದು ಕಾದೇ ಕಾರು ಕಲಿತವರು. ಅವರಲ್ಲಿ ಹಲವರು ಇವತ್ತಿಗೂ ಆ ಹಳೆಯ ಕಾರು ಎದುರಿಗೆ ಬಂದರೆ ತಮಗೇ ತಿಳಿಯದೆ ವೇಗ ಇಳಿಸುತ್ತಾರೆ.

ಕೊನೆಯ ವಿದ್ಯಾರ್ಥಿ ಹೆಂಡತಿಯೇ. ಅಷ್ಟು ವರ್ಷ ಎಲ್ಲಿಗೆ ಬೇಕಾದರೂ ಗಂಡನೇ ಬಿಡುತ್ತಿದ್ದರಿಂದ ನರ್ಸಮ್ಮನಿಗೆ ಕಲಿಯುವ ಪ್ರಮೇಯ ಬಂದಿರಲಿಲ್ಲ. ಆಕೆಯ ಐವತ್ತೈದನೇ ವಯಸ್ಸಿನಲ್ಲಿ ಮೇಷ್ಟ್ರಿಗೇ ಹಟ ಹಿಡಿಯಿತು, ನಾನು ಇರುವಾಗಲೇ ಕಲಿತುಬಿಡು ಎಂದು. ದಿನಾ ಸಂಜೆ ಐದಕ್ಕೆ ಪಾಠ. ಹೊರಗಿನವರಿಗೆ ಮೇಷ್ಟ್ರು ಎಷ್ಟು ಬಿಗಿಯೋ ಹೆಂಡತಿಗೆ ಅದಕ್ಕಿಂತ ಒಂದು ಹಿಡಿ ಹೆಚ್ಚು.

ಹೋದ ವರ್ಷ ಇದೇ ದಿನಗಳಲ್ಲಿ, ನೀರಿನ ಟ್ಯಾಂಕಿನ ಹಿಂದಿನ ರಸ್ತೆಯಲ್ಲಿ, ಐದೂ ಹತ್ತಕ್ಕೆ ಮೇಷ್ಟ್ರು ಬ್ರೇಕ್ ಒತ್ತಿದರು. ಕಾರು ಮೆತ್ತಗೆ ನಿಂತಿತು. ಅವರು ಮಾತಾಡಲಿಲ್ಲ, ಆಕೆಯೂ ತಿರುಗಲಿಲ್ಲ. ಕನ್ನಡಿ ನೋಡಲಿಲ್ಲವೇ ಎಂದು ಮೊದಲು ಯೋಚಿಸಿದಳು. ನೋಡಿದ್ದಳು. ಗೇರು ಸರಿಯಾಗಿತ್ತು, ಸಿಗ್ನಲ್ಲೂ ಹಾಕಿದ್ದಳು. ರಸ್ತೆಯ ತಪ್ಪು ಸಿಗದಾದಾಗ ಮನಸ್ಸು ಮನೆಯ ತಪ್ಪುಗಳಿಗೆ ಇಳಿಯಿತು. ಮಗಳಿಗೆ ಜ್ವರ ಬಂದ ರಾತ್ರಿ ಡ್ಯೂಟಿಗೆ ಹೋಗಿದ್ದು, ಅತ್ತೆಯ ಕೊನೆಯ ದಿನಗಳಲ್ಲಿ ಮಾತಿಗೆ ಮಾತು ಬೆಳೆಸಿದ್ದು, ಒಂದೊಂದಾಗಿ ಮೇಲೆ ಬಂದವು. ಆಮೇಲೆ ಸಿಟ್ಟು ಬಂತು. ಇವರು ಮಾಡಿದ ತಪ್ಪುಗಳಿಗೆ ಯಾರು ಬ್ರೇಕ್ ಒತ್ತಬೇಕು? ಅವನ್ನು ಎಣಿಸುತ್ತ ಕೂತಳು, ಪಟ್ಟಿ ಉದ್ದವಿತ್ತು. ಸಾಯಲಿ, ಇವತ್ತು ಅವರೇ ಮೊದಲು ಮಾತಾಡಲಿ ಎಂದು ಹಲ್ಲು ಕಚ್ಚಿದಳು. ಐದೂ ಇಪ್ಪತ್ತೆರಡಕ್ಕೆ ಹಿಂದಿನಿಂದ ಹಾಲಿನ ವ್ಯಾನಿನವನು ಹಾರ್ನ್ ಹೊಡೆದ. ಆಗ ತಿರುಗಿ ನೋಡಿದಳು.

ಹನ್ನೆರಡು ನಿಮಿಷ. ಮೂವತ್ತೆರಡು ವರ್ಷ ನರ್ಸ್ ಆಗಿದ್ದವಳು, ಸಾವಿರಾರು ಜನರ ನಾಡಿ ಹಿಡಿದವಳು, ಒಂದು ಗೇಣು ದೂರದಲ್ಲಿದ್ದ ಗಂಡನ ಕೈ ಹಿಡಿದು ನೋಡದೆ ಕೂತಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ಎಷ್ಟು ಹೊತ್ತಾಯಿತು ಎಂದು ಕೇಳಿದಾಗ ಆಕೆಯ ಬಾಯಿಂದ ಬಂದದ್ದು "ಅಲ್ಲಿಂದ ಬರೋಕೆ ಎಷ್ಟೋ ಅಷ್ಟೇ" ಎಂಬ ಮಾತು. ಅದನ್ನು ನಂಬಿ ಅವರು ನಲವತ್ತು ನಿಮಿಷ ಎದೆ ಒತ್ತಿದರು. ಪ್ರಯೋಜನವಿಲ್ಲವೆಂದು ಆ ಕೋಣೆಯಲ್ಲಿ ತಿಳಿದಿದ್ದವಳು ಆಕೆ ಒಬ್ಬಳೇ. ಮಗಳಿಗೂ ಅದನ್ನೇ ಹೇಳಿದಳು. ಬ್ರೇಕ್ ಒತ್ತಿದರು, ತಲೆ ವಾಲಿತು, ತಕ್ಷಣ ಫೋನ್ ಮಾಡಿದೆ, ಅಷ್ಟರಲ್ಲೇ ಮುಗಿದಿತ್ತು. ಕೇಳಿದವರೆಲ್ಲ, ಪುಣ್ಯಾತ್ಮ, ನರಳಲಿಲ್ಲ ಎಂದರು. ಮಗಳೂ ಬಂದವರಿಗೆಲ್ಲ ಹಾಗೇ ಹೇಳಿದಳು.

ಆಮೇಲೆ ಬೇರೆಯವರ ಬಳಿ ಪಾಠ ಮುಗಿಸಿ, ಮೂರನೇ ಪ್ರಯತ್ನಕ್ಕೆ ಲೈಸೆನ್ಸ್ ಪಡೆದು, ನರ್ಸಮ್ಮ ಅದೇ ಕಾರನ್ನು ಓಡಿಸತೊಡಗಿದಳು. ಆಕೆ ಬ್ರೇಕ್ ಒತ್ತಿದಾಗಲೆಲ್ಲ ಪಕ್ಕದ ಖಾಲಿ ಸೀಟಿನ ಮುಂದಿನ ಪೆಡಲ್ಲೂ ತಾನಾಗಿ ಇಳಿಯುತ್ತಿತ್ತು. ಸರಳಿನ ಕೆಲಸ ಅದು, ಆಕೆಗೂ ಗೊತ್ತು. ಆದರೂ ಓರೆಗಣ್ಣಿಗೆ ಅದು ಇಳಿಯುವುದು ಕಂಡರೆ ಅಲ್ಲೊಂದು ಕಾಲಿದೆ ಅನ್ನಿಸುವುದನ್ನು ಯಾರು ತಡೆಯುತ್ತಾರೆ? ಚಳಿಗಾಲ ಕಳೆದ ಮೇಲೆ ಇನ್ನೊಂದು ಶುರುವಾಯಿತು. ಎರಡು ಮೂರು ಸಲ, ಆಕೆ ಕಾಲಿಡುವ ಮೊದಲೇ ಪೆಡಲ್ಲು ಒಂದಿಷ್ಟು ಕೆಳಗಿಳಿದಿತ್ತು. ಮೆಕ್ಯಾನಿಕ್ ತಲೆ ಒಳಗೆ ಹಾಕಿ ನೋಡಿ, ಸರಳಿನ ಕೀಲು ಸವೆದಿದೆ, ಆ ಕಡೆಯ ಪೆಡಲ್ಲನ್ನೇ ಕಿತ್ತುಹಾಕಿಬಿಡುತ್ತೇನೆ, ನಿಮಗೇನು ಬೇಕು ಅದು ಎಂದ. ಆಕೆ ಅಲ್ಲಿಂದ ಕಾರು ತೆಗೆದುಕೊಂಡು ಹೊರಟವಳು ಮತ್ತೆ ಆ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ಕಾರು ಹೋದರೆ ಮೇಷ್ಟ್ರೂ ಹೋಗುತ್ತಾರೆ. ಇದ್ದರೆ ದಿನಕ್ಕೆ ಇನ್ನೂರು ಸಲ ಬ್ರೇಕ್ ಒತ್ತಿ, ನಿನ್ನ ತಪ್ಪು ಯಾವುದು ಎಂದು ಕೇಳುತ್ತಾರೆ. ಎರಡರಲ್ಲಿ ಯಾವುದು ವಾಸಿ ಎಂದು ನಾಲ್ಕು ತಿಂಗಳಿಂದ ಆಕೆಗೆ ತೀರ್ಮಾನಿಸಲು ಆಗಿರಲಿಲ್ಲ.

ಇನ್ನೊಂದು ಭಯವೂ ಇತ್ತು. ಇದ್ದವಳು ಒಬ್ಬಳೇ ಮಗಳು, ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು, ಅಪ್ಪ ಎಂದರೆ ಪ್ರಾಣ. ಕಾರನ್ನು ಯಾಕೆ ಬಿಡುವುದಿಲ್ಲ ಎಂದು ಅವಳು ಒತ್ತಿ ಕೇಳಿದರೆ ಎಂದಾದರೂ ಬಾಯಿ ಜಾರಬಹುದು. ಹನ್ನೆರಡು ನಿಮಿಷದ ವಿಷಯ ತಿಳಿದ ಮೇಲೆ ಅವಳು ಅಮ್ಮಾ ಎಂದು ಕರೆಯುತ್ತಾಳೆಯೇ?

ಮಗಳಾದರೋ ಹೊಸ ಕಾರಿಗಾಗಿ ಅಮ್ಮನ ತಲೆ ತಿನ್ನುತ್ತಿದ್ದಳು. ಅಪ್ಪ ಹೋದ ಮೇಲೆ ಆ ಹಳೆಯ ಕಾರಿನಲ್ಲಿ ಅವಳು ಒಂದು ಸಲವೂ ಕೂತಿರಲಿಲ್ಲ. ಅಮ್ಮ ಮುಂದೆ ಕಾರಿನಲ್ಲಿ ಹೋದರೆ ಅವಳು ಹಿಂದೆ ಬಸ್ಸಿನಲ್ಲಿ ಬರುತ್ತಿದ್ದಳು. ದುಃಖಕ್ಕೆ ಇರಬೇಕು ಎಂದು ನರ್ಸಮ್ಮ ಕೇಳಲು ಹೋಗಿರಲಿಲ್ಲ. ಇಪ್ಪತ್ತೇಳನೇ ತಾರೀಖು ಮಗಳು ರಜೆ ಹಾಕಿ ಬಂದು, ನೋಡೋದಕ್ಕೇನು ನಷ್ಟ, ಓಡಿಸಿ ನೋಡು, ಆಮೇಲೂ ಬೇಡ ಅನ್ನಿಸಿದರೆ ನಾನು ಉಸಿರೆತ್ತುವುದಿಲ್ಲ ಎಂದು ಕೈ ಹಿಡಿದು ಎಬ್ಬಿಸಿದಳು.

ಅಮ್ಮ ಹಳೆಯ ಕಾರಿನಲ್ಲಿ, ಮಗಳು ಎಂದಿನಂತೆ ಬಸ್ಸಿನಲ್ಲಿ ಹೋಗಿ ಸೇರಿದ ಶೋರೂಮಿನಲ್ಲಿ ಸಿಕ್ಕವರು ಐವತ್ತರ ಹತ್ತಿರದ ಟೈ ಕಟ್ಟಿದವರು. ಜೀವಮಾನವೆಲ್ಲ ಡೀಸೆಲ್ ಗಾಡಿ ಮಾರಿ, ಈಗ ಎರಡು ವರ್ಷದಿಂದ ಅದೇ ನಾಲಿಗೆಯಲ್ಲಿ ಡೀಸೆಲ್ಲನ್ನು ಬೈಯುತ್ತಿದ್ದರು. ಲೀಸು ಮೂರು ವರ್ಷದ್ದು, ಹಳೆಯ ಕಾರನ್ನು ನಾವೇ ಇಟ್ಟುಕೊಳ್ಳುತ್ತೇವೆ, ಹೊಸ ಮಾಡೆಲ್ಲು ಬರುತ್ತದೆನ್ನುವುದು ನಿಜ ಆದರೆ ಯಾವಾಗ ಎಂದು ಕಂಪನಿಗೇ ಗೊತ್ತಿಲ್ಲ ಎಂದು ಮೊದಲೇ ಹೇಳಿದರು. ಆ ಪ್ರಾಮಾಣಿಕತೆ ನರ್ಸಮ್ಮನಿಗೆ ಹಿಡಿಸಿತು. ಆಮೇಲೆ ಗುಂಡಿಗಳ ಬಗ್ಗೆ, ಪರದೆಯ ಬಗ್ಗೆ ಒಂದೇ ಉಸಿರಿಗೆ ನಲವತ್ತು ವಿಷಯ ಹೇಳಿದರು. ಅದರಲ್ಲಿ ಒಂದು, ಈ ಕಾರಿನಲ್ಲಿ ವೇಗದ ಪೆಡಲ್ಲಿನಿಂದ ಕಾಲೆತ್ತಿದರೆ ಸಾಕು, ಬ್ರೇಕ್ ಮುಟ್ಟದೆಯೇ ಅದು ನಿಂತುಬಿಡುತ್ತದೆ ಎನ್ನುವುದು. ಆ ಹೊತ್ತಿಗೆ ನರ್ಸಮ್ಮ ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗವನ್ನು ನೋಡುತ್ತಿದ್ದಳು. ಅಲ್ಲಿ ಹೊಸ ಚಾಪೆ ಮಾತ್ರ ಇತ್ತು.

ಆಕೆ ಓಡಿಸಿದಳು. ಟೈ ಕಟ್ಟಿದವರು ಪಕ್ಕದಲ್ಲಿ, ಮಗಳು ಹಿಂದೆ. ಸದ್ದಿಲ್ಲದ ಕಾರು ಮಾರುವವರು ಬಾಯಿ ಮುಚ್ಚಿರಬೇಕು, ಗಿರಾಕಿ ಆ ಮೌನವನ್ನು ಕೇಳಿಸಿಕೊಳ್ಳಬೇಕು ಎಂದು ಇವರಿಗೆ ತರಬೇತಿಯಲ್ಲೇ ಹೇಳಿಕೊಟ್ಟಿರುತ್ತಾರಂತೆ. ಅವರು ಕೈಕಟ್ಟಿ ಸುಮ್ಮನೆ ಕೂತರು. ಉಗ್ರಾಣಗಳ ಸಾಲಿನ ಹಿಂದೆ ಉದ್ದವಾದ ಗೋಡೆ, ಜನವಿಲ್ಲದ ರಸ್ತೆ. ಒಂದು ತಿರುವು ಕಂಡು ನರ್ಸಮ್ಮ ಕಾಲೆತ್ತಿದಳು.

ಕಾರು ತಾನಾಗಿ ನಿಧಾನವಾಯಿತು. ಯಾರೋ ಬ್ರೇಕ್ ಒತ್ತಿದ ಹಾಗೆ, ಮೆತ್ತಗೆ, ಒಂದಿಷ್ಟೂ ಜಗ್ಗದೆ ನಿಂತಿತು. ಇಷ್ಟು ಮೆತ್ತಗೆ ಬ್ರೇಕ್ ಒತ್ತುತ್ತಿದ್ದವರು ಆಕೆಗೆ ತಿಳಿದಂತೆ ಒಬ್ಬರೇ.

ಆಕೆಯ ಕಣ್ಣು ರಸ್ತೆಗೆ ಅಂಟಿಕೊಂಡಿತು, ತುಟಿ ಬಿಗಿಯಿತು. ಕನ್ನಡಿ ನೋಡಿದ್ದೆನಾ, ಸಿಗ್ನಲ್ ಹಾಕಿದ್ದೆನಾ ಎಂದು ಮನಸ್ಸು ಹುಡುಕತೊಡಗಿತು. ಪಕ್ಕದವರು ಮಾತಾಡಲಿಲ್ಲ. ಹಿಂದಿನವಳೂ ಮಾತಾಡಲಿಲ್ಲ, ಅಮ್ಮ ಕಾರಿನ ಸುಖ ಸವಿಯುತ್ತಿದ್ದಾಳೆ ಎಂದುಕೊಂಡಿದ್ದಳು. ಎಂಜಿನ್ನಿನ ಗುರುಗುಟ್ಟುವಿಕೆಯೂ ಇಲ್ಲದ ಆ ಕಾರಿನೊಳಗೆ ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಪಕ್ಕದ ಸೀಟಿನಿಂದ ಉಸಿರಿನ ಸದ್ದು ಬರುತ್ತಿದೆಯೇ ಎಂದು ಕಿವಿಗೊಟ್ಟಳು. ಕೇಳಿಸಲಿಲ್ಲ.

ಆಕೆ ತಟ್ಟನೆ ತಿರುಗಿ ಟೈ ಕಟ್ಟಿದವರ ಕೈ ಎಳೆದುಕೊಂಡು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟಳು. ಇನ್ನೊಂದು ಕೈಯಿಂದ ಅವರ ಕಾಲರ್ ಹಿಡಿದು ಗದ್ದ ಮೇಲೆತ್ತಿದಳು. ಆ ಮನುಷ್ಯ ಬೆಚ್ಚಿಬಿದ್ದು ಕೂಗುವುದಕ್ಕೂ ಆಗದೆ ಕಣ್ಣು ಬಿಟ್ಟುಕೊಂಡು ಕೂತ. ಆಕೆಯ ತುಟಿ ಎಣಿಸುತ್ತಿತ್ತು.

"ಅಮ್ಮ, ಅವರ ಕೈ ಬಿಡು," ಎಂದಳು ಮಗಳು.

"ತೊಂಬತ್ತಾರು. ಇದ್ದಾರೆ," ಎಂದಳು ನರ್ಸಮ್ಮ. ಬೆರಳು ಮಾತ್ರ ಬಿಡಲಿಲ್ಲ, ಮಗಳೇ ಹಿಂದಿನಿಂದ ಬಾಗಿ ಬಿಡಿಸಬೇಕಾಯಿತು. ಟೈ ಕಟ್ಟಿದವರು ಕಾಲರ್ ಸರಿಮಾಡಿಕೊಂಡು, ಒಂದು ಫೋನ್ ಮಾಡುವುದಿದೆ ಎಂದು ಇಳಿದು ಹೋಗಿ ಗೋಡೆಯ ಬಳಿ ನಿಂತರು. ಫೋನ್ ಅವರ ಜೇಬಿನಲ್ಲೇ ಇತ್ತು. ದೊಡ್ಡ ಮನಸ್ಸಿನ ಮನುಷ್ಯ.

ಅವರು ಸತ್ತುಹೋದರು ಅಂದುಕೊಂಡೆಯಾ, ಯಾಕೆ ಎಂದು ಮಗಳು ಕೇಳಿದಳು. ಮಾತಾಡಲಿಲ್ಲವಲ್ಲ ಎಂದಳು ನರ್ಸಮ್ಮ. ಎರಡು ನಿಮಿಷ ಮಾತಾಡದೇ ಇದ್ದರೆ ಜನ ಸತ್ತುಹೋಗುತ್ತಾರಾ ಎಂದು ಮಗಳು ಅರ್ಧ ನಗುತ್ತ ಅಂದಳು.

"ಹನ್ನೆರಡು," ಎಂದುಬಿಟ್ಟಳು ನರ್ಸಮ್ಮ. "ಹನ್ನೆರಡು ನಿಮಿಷ ಕೂತಿದ್ದೆ ನಾನು. ನಿಮ್ಮಪ್ಪ ಬ್ರೇಕ್ ಒತ್ತಿದ್ರು, ಪಾಠಕ್ಕೆ ಅಂದ್ಕೊಂಡೆ."

ಒಮ್ಮೆ ಬಾಯಿಂದ ಹೊರಬಿದ್ದ ಮೇಲೆ ಉಳಿದದ್ದು ನಿಲ್ಲಲಿಲ್ಲ. ಹಾಲಿನ ವ್ಯಾನು, ಡಾಕ್ಟರಿಗೆ ಹೇಳಿದ ಸುಳ್ಳು, ಗಂಡನ ತಪ್ಪುಗಳನ್ನು ಎಣಿಸಿದ್ದು, ಸಾಯಲಿ ಎಂದುಕೊಂಡದ್ದು, ಎಲ್ಲವನ್ನೂ ಎದುರಿನ ಗಾಜಿಗೆ ಹೇಳಿದಳು. ಮಗಳ ಕಡೆ ತಿರುಗುವ ಧೈರ್ಯವಾಗಲಿಲ್ಲ. ಕೊನೆಗೆ ತಲೆಯೆತ್ತಿ ಕನ್ನಡಿಯಲ್ಲಿ ನೋಡಿದಾಗ ಮಗಳ ಮುಖ ಬಿಳಿಚಿಕೊಂಡಿತ್ತು. ಹೋಯಿತು, ಇವಳೂ ಹೋದಳು ಎಂದುಕೊಂಡಳು ನರ್ಸಮ್ಮ.

ಮಗಳು ಬಾಯಿಬಿಟ್ಟಳು.

"ಅಪ್ಪ ಅವತ್ತು ಬೆಳಿಗ್ಗೆ ನಂಗೆ ಫೋನ್ ಮಾಡಿದ್ರು."

ಬೆಳಿಗ್ಗೆ ಹತ್ತು ಗಂಟೆ. ಅವಳು ಯಾರದೋ ಕನ್ನಡಕಕ್ಕೆ ಗಾಜು ಕೂರಿಸುತ್ತಿದ್ದಳು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮಾತಾಡಿದ್ದಳು. ಎದ್ದಾಗಿನಿಂದ ಎದೆ ಒತ್ತಿದ ಹಾಗಿದೆ, ತೋಳಿಗೂ ದವಡೆಗೂ ನೋವು ಹೋಗುತ್ತಿದೆ ಎಂದರಂತೆ ಮೇಷ್ಟ್ರು. ನಿಮ್ಮಮ್ಮನಿಗೆ ಹೇಳಬೇಡ, ಅವಳು ನರ್ಸು, ಕೇಳಿದ ತಕ್ಷಣ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಾಳೆ, ಅವಳ ಲೈಸೆನ್ಸಿನ ಪರೀಕ್ಷೆ ಹತ್ತಿರ ಬಂತು, ಸಂಜೆಯ ಪಾಠ ತಪ್ಪಿಸಬಾರದು ಎಂದರಂತೆ.

"ಗ್ಯಾಸ್ ಇರಬೇಕು ಅಪ್ಪಾ, ನಾಳೆವರೆಗೂ ಕಾದು ನೋಡಿ ಅಂದೆ. ಗಿರಾಕಿ ನಿಂತಿದ್ರು, ಫೋನ್ ಇಟ್ಟೆ. ಆಮೇಲೆ ನಿನಗೆ ಹೇಳೋಕೆ ಏಳು ಗಂಟೆ ಟೈಮಿತ್ತು ಅಮ್ಮ. ಹೇಳ್ಲಿಲ್ಲ."

ನರ್ಸಮ್ಮನ ತಲೆಯೊಳಗಿನ ನರ್ಸು ಆ ಕ್ಷಣವೇ ಲೆಕ್ಕ ಹಾಕಿ ಮುಗಿಸಿದಳು. ಎದೆ, ತೋಳು, ದವಡೆ. ಆ ಮೂರು ಮಾತು ಕಿವಿಗೆ ಬಿದ್ದಿದ್ದರೆ ಅರ್ಧ ಗಂಟೆಯೊಳಗೆ ಅವರು ಆಸ್ಪತ್ರೆಯ ಮಂಚದ ಮೇಲಿರುತ್ತಿದ್ದರು. ನಾಲಿಗೆಯ ಕೆಳಗೆ ಒಂದು ಮಾತ್ರೆ, ತೋಳಿಗೊಂದು ಸೂಜಿ. ಅಂಥವರು ನಾಲ್ಕನೇ ದಿನ ಚಪ್ಪಲಿ ಮೆಟ್ಟಿ ಮನೆಗೆ ನಡೆದುಹೋಗುವುದನ್ನು ಆಕೆ ಅದೆಷ್ಟೋ ಸಲ ಕಂಡಿದ್ದಳು. ಹನ್ನೆರಡು ನಿಮಿಷದಲ್ಲಿ ಏನಾದರೂ ಆಗುತ್ತಿತ್ತೋ ಇಲ್ಲವೋ, ಏಳು ಗಂಟೆಯಲ್ಲಿ ಖಂಡಿತ ಆಗುತ್ತಿತ್ತು. ಕೋಪ ಎಂಥದು ಬಂತೆಂದರೆ, ಕೈ ಎತ್ತಿ ಮಗಳ ಕೆನ್ನೆಗೆ ಬಾರಿಸಬೇಕೆನಿಸಿತು. ಒಂದು ವರ್ಷ ತನ್ನನ್ನು ಸುಟ್ಟದ್ದು ತನ್ನದಲ್ಲದ ಬೆಂಕಿ ಎನಿಸಿತು.

ಆಕೆ ಇಳಿದು ಹಿಂದಿನ ಬಾಗಿಲು ತೆಗೆದಳು. ಮಗಳು ತಿರುಗಲಿಲ್ಲ. ಕೈಗಳನ್ನು ಮೊಣಕಾಲ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಂದಿನ ರಸ್ತೆಗೆ ನೆಟ್ಟು, ಬಾಯಿ ಬಿಗಿಹಿಡಿದು ಕೂತಿದ್ದಳು. ಅವಳೂ ಅಪ್ಪನ ಬಳಿಯೇ ಡ್ರೈವಿಂಗ್ ಕಲಿತವಳು. ಹಾಗೆ ಕೂತವರ ತಲೆಯೊಳಗೆ ಏನೇನು ಎದ್ದು ಬರುತ್ತದೆ ಎನ್ನುವುದು ನರ್ಸಮ್ಮನಿಗೆ ಗೊತ್ತಿತ್ತು. ಈ ಹುಡುಗಿ ಒಂದು ವರ್ಷದಿಂದ ಹೀಗೇ ಕೂತಿದ್ದಾಳೆ, ಬಸ್ಸಿನಲ್ಲಿ, ಅಂಗಡಿಯಲ್ಲಿ, ಊಟದ ತಟ್ಟೆಯ ಮುಂದೆ. ಇನ್ನೊಂದು ನಿಮಿಷವೂ ಇವಳನ್ನು ಕಾಯಿಸಬಾರದು ಎನ್ನುವುದೊಂದೇ ಆಗ ಆಕೆಗೆ ಹೊಳೆದದ್ದು.

ಪಕ್ಕದಲ್ಲಿ ಕೂತು ಮಗಳ ಕೈ ತೆಗೆದುಕೊಂಡಳು.

"ಬೆಳಿಗ್ಗೆ ನಂಗೆ ಗೊತ್ತಾಗಿದ್ರೂ ಅಷ್ಟೇ ಕಣೆ. ಅವರದ್ದು ಒಂದೇ ಏಟಿಗೆ ಹೋಗೋ ಥರದ್ದು. ಬೆಳಿಗ್ಗೆಯಿಂದ ಆಸ್ಪತ್ರೇಲೇ ಮಲಗಿಸಿದ್ರೂ ಉಳೀತಿರಲಿಲ್ಲ. ಡಾಕ್ಟರು ಆಮೇಲೆ ನಂಗೆ ಬಿಡಿಸಿ ಹೇಳಿದ್ರು."

ಯಾವ ಡಾಕ್ಟರೂ ಏನೂ ಹೇಳಿರಲಿಲ್ಲ. ಆಸ್ಪತ್ರೆಯ ಕಾರಿಡಾರುಗಳಲ್ಲಿ ಕಾಯುವವರಿಗಾಗಿ ಆಕೆ ಇಟ್ಟುಕೊಂಡಿದ್ದ ದನಿ ಅದು, ತಗ್ಗಿದ, ಅವಸರವಿಲ್ಲದ ದನಿ. ಮೂವತ್ತೆರಡು ವರ್ಷದಲ್ಲಿ ಅದನ್ನು ನಂಬದವರನ್ನು ಆಕೆ ನೋಡಿರಲಿಲ್ಲ.

"ನಿಜವಾಗ್ಲೂ?"

"ನಿನ್ ಹತ್ರ ಯಾಕೆ ಸುಳ್ಳು ಹೇಳ್ಲಿ?"

ಮಗಳು ಅಮ್ಮನ ಭುಜಕ್ಕೆ ಮುಖ ಒತ್ತಿ ಅತ್ತಳು. ಅಪ್ಪ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಅಳು ನಿಂತ ಮೇಲೆ ಮೂಗು ಒರೆಸಿಕೊಂಡು, ಏನೋ ಹೊಳೆದವಳ ಹಾಗೆ ತಲೆಯೆತ್ತಿದಳು.

"ಹಾಗಾದ್ರೆ ನಿನ್ನ ಹನ್ನೆರಡು ನಿಮಿಷಾನೂ ಲೆಕ್ಕಕ್ಕಿಲ್ಲ ಅಲ್ವಾ ಅಮ್ಮ? ಸುಮ್ಸುಮ್ನೆ ಒಂದು ವರ್ಷ ಒದ್ದಾಡಿದ್ಯಲ್ಲ."

ಆ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ ನರ್ಸಮ್ಮನಿಗೆ ಹೌದೆನ್ನದೆ ಬೇರೆ ದಾರಿಯಿರಲಿಲ್ಲ. ಹೌದು, ಲೆಕ್ಕಕ್ಕಿಲ್ಲ ಎಂದಳು.

ಅಷ್ಟರಲ್ಲಿ ಟೈ ಕಟ್ಟಿದವರು ಸ್ವಲ್ಪ ದೂರದಲ್ಲೇ ನಿಂತು, ಏನು ಮಾಡ್ತೀರಮ್ಮ, ಯೋಚನೆ ಮಾಡಿ ಹೇಳ್ತೀರಾ ಎಂದು ಕೇಳಿದರು. ಕೈಗಳನ್ನು ಜೇಬಿನಲ್ಲಿಟ್ಟುಕೊಂಡೇ ಕೇಳಿದರು. ಕಾಯುವುದಿಲ್ಲ, ಇದನ್ನೇ ತೆಗೆದುಕೊಳ್ಳುತ್ತೇನೆ, ಹಳೆಯದನ್ನು ಇವತ್ತೇ ಇಟ್ಟುಕೊಳ್ಳಿ ಎಂದಳು ನರ್ಸಮ್ಮ. ಆ ಹಳೆಯ ಕಾರಿನ ಖಾಲಿ ಸೀಟಿನಲ್ಲಿ ಕೂತವರು ಪೆಡಲ್ಲು ಒತ್ತಿ ತಪ್ಪು ಯಾವುದು ಎಂದು ಕೇಳಿದರೆ ಇನ್ನು ಮುಂದೆ ಆಕೆಯ ಬಳಿ ಉತ್ತರವಿತ್ತು, ತಪ್ಪು ಮಗಳದ್ದು ಎಂಬ ಆ ಉತ್ತರವನ್ನು ಮೇಷ್ಟ್ರಿಗೂ ಹೇಳುವಂತಿರಲಿಲ್ಲ.

ಹಿಂತಿರುಗುವಾಗ ಟೈ ಕಟ್ಟಿದವರು ಹಿಂದೆ ಕೂತರು, ಮಗಳು ಮುಂದೆ ಬಂದು ಅಮ್ಮನ ಪಕ್ಕದಲ್ಲಿ ಕೂತಳು. ಇನ್ನು ದಿನಾ ಬೆಳಿಗ್ಗೆ ನನ್ನನ್ನು ಅಂಗಡಿಗೆ ಬಿಟ್ಟೇ ನೀನು ಕೆಲಸಕ್ಕೆ ಹೋಗಬೇಕು ಎಂದಳು. ಬಣ್ಣ ಯಾವುದಿರಲಿ ಎಂದು ಕೇಳಿದಳು. ಅಪ್ಪ ಇದ್ದಿದ್ದರೆ ಈ ಕಾರನ್ನು ನೋಡಿ ಏನೇನು ಬೈಯುತ್ತಿದ್ದರು ಎಂದು ಅವರ ದನಿಯಲ್ಲೇ ಹೇಳಿ ತೋರಿಸಿ ನಕ್ಕಳು. ಒಂದು ವರ್ಷದ ಮಾತೆಲ್ಲ ಒಟ್ಟಿಗೆ ಬರುತ್ತಿತ್ತು. ನರ್ಸಮ್ಮ ಕನ್ನಡಿ ನೋಡಿದಳು, ಸಿಗ್ನಲ್ ಹಾಕಿದಳು, ನಗಬೇಕಾದಲ್ಲಿ ನಕ್ಕಳು. ಏಳು ಗಂಟೆ, ಏಳು ಗಂಟೆ ಎಂದು ಆಕೆಯ ತಲೆಯೊಳಗೆ ಹಿಡಿದದ್ದು ಮಾತ್ರ ಶೋರೂಮು ಬಂದರೂ ಬಿಡಲಿಲ್ಲ.